ಸೊಂಟಕ್ಕೆ ಕಟ್ಟಿದ ಮಣೆ

ಭೂತಯ್ಯನ ಎಡಮಂಡಿ ಮಡಚುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು. ಮಂಡಿ ಅವನದು, ನೋವು ಅವನದು, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಂಜಯ್ಯನವರ ಕಾಫಿ ಎಸ್ಟೇಟಿನ ಸಸಿಮಡಿಯಲ್ಲಿ ಕಳೆ ಕೀಳುವವರು ಬೆಳಗಿನಿಂದ ಸಂಜೆವರೆಗೆ ಕುಕ್ಕರಗಾಲಲ್ಲೇ ಇರಬೇಕು. ಅಂಡು ನೆಲ ಮುಟ್ಟಿತೋ, ಲೆಕ್ಕ ಬರೆಯುವ ರೈಟರ್ ಜಯದೇವಪ್ಪ ಅರ್ಧ ದಿನದ ಹಾಜರಿ ಹೊಡೆದುಹಾಕುತ್ತಿದ್ದ. ಕೂರಲಿಕ್ಕೆ ಅಂತ ಇದ್ದದ್ದು ಹತ್ತು ಗಂಟೆಯ ಎಲೆಯಡಿಕೆ ಬಿಡುವು ಒಂದೇ. ಗಂಟೆ ಹೊಡೆದರೆ ಇಪ್ಪತ್ತು ಜನರೂ ಅರ್ಧ ತಾಸು ಕಾಲು ಚಾಚಿ ಬಿಡುತ್ತಿದ್ದರು.

"ಸೋಮವಾರದಿಂದ ಕುಕ್ಕರಗಾಲಲ್ಲಿ ಕೂರಕ್ಕಾಗ್ಲಿಲ್ಲ ಅಂದ್ರೆ ಮರಗಸಿಗೆ ನಡಿ" ಅಂದಿದ್ದ ರೈಟರು.

ಮರಗಸಿ ಅಂದರೆ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ. ಮಡಚದ ಮಂಡಿ ಇಟ್ಟುಕೊಂಡು ಮರ ಹತ್ತಬೇಕಂತೆ! ಭೂತಯ್ಯನಿಗೆ ಮೈಯೆಲ್ಲ ಉರಿಯಿತು.

ಭಾನುವಾರ ಸೌದೆ ರಾಶಿಯಿಂದ ಕಿತ್ತೆಸೆದ ಹಳೇ ಕಾಫಿ ಗಿಡದ ಬೊಡ್ಡೆಯೊಂದನ್ನು ಹೆಕ್ಕಿದ. ಮರಗಸಿಯಲ್ಲಿ ಸವರಿ ಬಿದ್ದ ಹಾಲುವಾಣದ ಕೊಂಬೆಯಿಂದ ಹಲಗೆ ಮಾಡಿ ಅದರ ತಲೆಗೆ ಹೊಡೆದ. ಹರಿದ ಗೋಣಿಚೀಲ ಹೊಸೆದು ಪಟ್ಟಿ ಮಾಡಿದ. ಒಂದೇ ಕಾಲಿನ ಮಣೆ, ಕೋಳಿಯಷ್ಟು ಹಗುರ. ಸೊಂಟಕ್ಕೆ ಕಟ್ಟಿಕೊಂಡರೆ ಎದ್ದಾಗ ಹಿಂದೆ ನೇತಾಡುತ್ತದೆ, ಕೂತಾಗ ಕೆಸರಾಗಲಿ ಇಳಿಜಾರಾಗಲಿ ನಾಟಿಕೊಳ್ಳುತ್ತದೆ.

"ಮಣೆದು ಒಂದು ಕಾಲು, ನಂದು ಎರಡು. ಬೇರೆ ಕಾಲು ಯಾತಕ್ಕೆ?" ಅಂದ ಹೆಂಡತಿಗೆ.

"ದನದ ಬಾಲ ನೊಣನಾದ್ರೂ ಹೊಡೀತದೆ" ಅಂದಳು ಯಲ್ಲಮ್ಮ.

ಸೋಮವಾರ ಸಸಿಮಡಿಗೆ ಕಾಲಿಟ್ಟದ್ದೇ ತಡ, ಪಕ್ಕದ ಸಾಲಿನ ಹುಚ್ಚಮ್ಮ ಕಳೆ ಬಿಟ್ಟು ಎದ್ದಳು. "ಭೂತಣ್ಣಾ, ಬಾಲ ಬಂತಾ ನಿಂಗೆ? ಇನ್ನು ಮರಗಸಿಗೆ ನೀನೇ ಸೈ ಬಿಡು!"

ಭೂತಯ್ಯ ಗತ್ತಿನಿಂದ ಕೂತ. ಕಾಲು ಚಾಚಿಕೊಂಡೇ ಕಳೆ ಕಿತ್ತ. ನಕ್ಕವರೆಲ್ಲ ಒಬ್ಬೊಬ್ಬರಾಗಿ ಹತ್ತಿರ ಬಂದರು. ತಮ್ಮಯ್ಯ ಕಟ್ಟಿಕೊಂಡು ಕೂತವನು ಅಂಗಾತ ಬಿದ್ದು ಆರು ಸಸಿ ಮಲಗಿಸಿದ. ಹುಚ್ಚಮ್ಮ ಕೂತವಳು ಏಳಲೇ ಇಲ್ಲ. "ತಡಿ ಮಾರಾಯ, ಹುಟ್ಟಿದಾಗಿಂದ ಇಷ್ಟು ಸುಖ ಕಂಡಿಲ್ಲ" ಅಂದಳು. ಭೂತಯ್ಯ ಬೇಡಿ ಬೇಡಿ ಬಿಚ್ಚಿಸಿಕೊಂಡು ಮತ್ತೆ ಕೂರುವಷ್ಟರಲ್ಲಿ, ಬಣಕಲ್ ಏರು ಹತ್ತುವ ಇದ್ದಿಲು ಬಸ್ಸಿನ ಹಾಗೆ ಉಸಿರು ಬಿಡುತ್ತ ರೈಟರು ಬಂದ.

"ಯಾವನೋ ಅವನು ಕೂತಿರೋನು?"

"ಕೂತಿಲ್ಲ ಸ್ವಾಮಿ. ಅಂಡು ನೆಲ ಮುಟ್ಟಿದ್ರೆ ತಾನೆ ಕೂತಂಗೆ? ನೋಡ್ಕಳಿ, ಒಂದು ಗೇಣು ಮೇಲಿದೆ."

ಜಯದೇವಪ್ಪ ಬಗ್ಗಿ ಗೇಣು ಹಾಕಿ ಅಳೆದೂ ಅಳೆದ. ಗೇಣಿನ ಮೇಲೆ ಎರಡು ಬೆರಳು ಜಾಸ್ತಿಯೇ ಇತ್ತು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಅವನ ಮುಖ ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿತು. "ನಡಿಯೋ ಅಯ್ಯಾವ್ರ ಹತ್ರ!"

"ನಡೀರಿ! ನಾನೇನು ಕದ್ದಿದೀನಾ? ಕೆಲಸ ಕದ್ದಿದ್ರೆ ತೋರ್ಸಿ. ಮಂಡಿ ಕೆಟ್ಟದ್ದು ತಪ್ಪೇನ್ರಿ?" ದಾರಿಯುದ್ದಕ್ಕೂ ಭೂತಯ್ಯ ಗುಡುಗಿದ. ಬಾಲವೂ ಅವನ ಸಿಟ್ಟಿಗೆ ತಕ್ಕ ಹಾಗೆ ಅಲ್ಲಾಡಿತು.

ಬಂಗಲೆ ಅಂಗಳದಲ್ಲಿ ಕೈಮುಗಿದು ನಿಂತ. ಮಂಜಯ್ಯನವರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ರೈಟರ ದೂರು ಹರಿಕತೆ ಹಾಗೆ ಬೆಳೆಯಿತು. ಭೂತಯ್ಯನ ಮಂಡಿ ಸೆಳೆಯಿತು. ಬೆಳಗಿನಿಂದ ಆದ ಅಭ್ಯಾಸ, ಪಾಪ, ಕೈಮುಗಿದುಕೊಂಡೇ ಕೂತುಬಿಟ್ಟ.

"ಅಯ್ಯಾವ್ರ ಎದುರಿಗೆ ಕೂತ್ಯೇನೋ!"

ಭೂತಯ್ಯ ಧಡಕ್ಕನೆ ಎದ್ದ. ಮಣೆಯ ಕಾಲು ಕೆಸರಿನಲ್ಲಿ ನಾಟಿಕೊಂಡಿತ್ತು, ಪಟ್ಟಿ ಎಳೆದು ಕೂರಿಸಿತು. ಮತ್ತೆ ಎದ್ದ, ಮತ್ತೆ ಕೂತ. ಮೂರನೇ ಸಲಕ್ಕೆ ಮಂಜಯ್ಯನವರು ನಕ್ಕ ನಗೆಗೆ ಕಾಫಿ ಪಂಚೆ ಮೇಲೆ ಚೆಲ್ಲಿತು.

"ಬಿಚ್ಚು ಅದನ್ನ, ನೋಡಣ."

ಮಂಜಯ್ಯನವರೇ ಕಟ್ಟಿಕೊಂಡು ಅಂಗಳದಲ್ಲಿ ಕೂತರು. ಹಲಸಿನ ಮರದಡಿ ಕೂತರು. ಕೋಳಿಗೂಡಿನ ಮುಂದೂ ಕೂತರು. "ಭಲೆ! ನಾಳೆ ದೇವರಮನೆ ಗುಡ್ಡದ ಕಡೆ ಶಿಕಾರಿಗೆ ಇದೇ ಸರಿ. ಇದು ಇಲ್ಲೇ ಇರ್ಲಿ. ಜಯದೇವಪ್ಪಾ, ಸಸಿಮಡಿಯೋರಿಗೆಲ್ಲ ಇಂಥದ್ದು ಮಾಡ್ಸು."

ಭೂತಯ್ಯ ಗಾಳಿ ತುಂಬಿದ ಎದೆಯಲ್ಲಿ ವಾಪಸು ಬಂದ. ಸುದ್ದಿ ಕೇಳಿ ಹುಚ್ಚಮ್ಮ ಅವನಿಗೆ ದೃಷ್ಟಿ ತೆಗೆದಳು.

ಹತ್ತಾಯಿತು. ಗಂಟೆ ಹೊಡೆಯಲಿಲ್ಲ. ಬಿಸಿಲು ನೆತ್ತಿಗೆ ಬಂತು. ಬಂಗಲೆಯಿಂದ ರೈಟರು ನಗುನಗುತ್ತ ಇಳಿದು ಬಂದ.

"ಸ್ವಾಮಿ, ಎಲೆಯಡಿಕೆ ಗಂಟೆ?" ಅಂದಳು ಹುಚ್ಚಮ್ಮ.

"ಯಾತಕ್ಕೆ? ಇನ್ನು ದಿನಾ ಪೂರ್ತಿ ಕೂತೇ ಇರ್ತೀರಲ್ಲ. ಕೂತೋರಿಗೆ ಕೂರಕ್ಕೆ ಬಿಡುವು ಯಾವ ಊರಲ್ಲಿದೆ? ಅಯ್ಯಾವ್ರೂ ಹೂಂ ಅಂದ್ರು."

"ಮಣೆ ಇನ್ನೂ ಬಂದೇ ಇಲ್ವಲ್ಲ!"

"ಅಭ್ಯಾಸ ಆಗ್ಲಿ."

ಹತ್ತೊಂಬತ್ತು ಮುಖ ಭೂತಯ್ಯನ ಕಡೆ ತಿರುಗಿದವು. "ನಿನ್ನ ಮಂಡಿಗೆ ಬೆಂಕಿ ಬೀಳ" ಅಂದಳು ಬೆಳಗ್ಗೆ ದೃಷ್ಟಿ ತೆಗೆದವಳು.

"ಆಚಾರಿಗೆ ಹತ್ತೊಂಬತ್ತು ಮಣೆ ಹೇಳಿದೀನಿ" ಅಂದ ರೈಟರು.

"ನಾವು ಇಪ್ಪತ್ತು ಜನ ಅಲ್ವಾ?" ಅಂದ ಭೂತಯ್ಯ.

"ನಿಂಗೆ ಆಗ್ಲೇ ಒಂದಿದೆಯಲ್ಲ."

"ಅದು ಅಯ್ಯಾವ್ರ ಸೊಂಟದಲ್ಲಿದೆ!"

"ಹೋಗಿ ಬಿಚ್ಚಿಸ್ಕೊಂಡು ಬಾ. ಆಗಲ್ವಾ? ಹಾಗಾದ್ರೆ ಕುಕ್ಕರಗಾಲು ಹಾಕು. ಅದೂ ಆಗಲ್ವಾ?" ಜಯದೇವಪ್ಪ ಹಗ್ಗ, ಕತ್ತಿ ಮುಂದೆ ಚಾಚಿದ. "ಹತ್ತೊಂಬತ್ತು ಮಣೆಗೆ ಹಲಗೆ ಬೇಕು. ಆ ಹಾಲುವಾಣದ ಮರ ಹತ್ತು."

ಹಾಲುವಾಣಕ್ಕೆ ಮೈತುಂಬ ಮುಳ್ಳು. ಭೂತಯ್ಯ ಕೋಲಿನಂಥ ಕಾಲನ್ನು ಎತ್ತಿ ಬುಡಕ್ಕೆ ಆನಿಸಿ, ಬಂಗಲೆಯ ಕಡೆ ಒಮ್ಮೆ ಉರಿಗಣ್ಣು ಬಿಟ್ಟು ನೋಡಿದ. ಮಂಜಯ್ಯನವರು ಹೂದೋಟದಲ್ಲಿ ಬಾಲ ಅಲ್ಲಾಡಿಸುತ್ತ ಅಡ್ಡಾಡುತ್ತಿದ್ದರು.

ಹಿಂದಿನಿಂದ ಹುಚ್ಚಮ್ಮ ಕೂಗಿದಳು, "ಬಾಲ ಇದ್ದಾಗ್ಲೇ ಹತ್ತಬೇಕಿತ್ತು ಭೂತಣ್ಣಾ!"