ಅತ್ತೆಗೆ ನಾನು ಕೊಟ್ಟದ್ದು

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಲಿಫ್ಟು, ಹಲ್ಲಿ, ಮೇಲಧಿಕಾರಿಯ ಕೆಮ್ಮು, ಎಲ್ಲಕ್ಕೂ ಹೆದರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಹೆದರುವುದು ಮಾತ್ರೆಗೆ. ಚಿಕ್ಕವನಿದ್ದಾಗ ಒಂದು ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡು, ಮನೆಮಂದಿಯೆಲ್ಲ ಸರದಿಯಂತೆ ಬೆನ್ನಿಗೆ ಗುದ್ದಿದ್ದರು. ಅಂದಿನಿಂದ ಯಾರು ಮಾತ್ರೆ ಕೊಟ್ಟರೂ ನಾಲಿಗೆಯಡಿ ಇಟ್ಟುಕೊಂಡು, ನೀರು ಕುಡಿದಂತೆ ಮಾಡಿ, ಹಿತ್ತಲಿಗೆ ಹೋಗಿ ಕನಕಾಂಬರದ ಬುಡಕ್ಕೆ ಉಗುಳಿ ಬರುತ್ತಿದ್ದೆ. ಮದುವೆಯಾದ ಮೇಲೆ ಹೆಂಡತಿ ಪದ್ಮ ಇದನ್ನು ಪತ್ತೆಹಚ್ಚಿ, “ಗಂಡಸಾ ನೀವು?” ಎಂದು ಕೇಳಿದಳು. ಆ ಪ್ರಶ್ನೆಗೂ ಹೆದರಿ ಹಿತ್ತಲಿಗೆ ನಡೆದೆ. ಜ್ವರ ಬಂದರೆ ಶುಂಠಿ ಕಷಾಯ ಕುಡಿದು ಮೂರು ದಿನ ನರಳುವುದು, ಇದೇ ನನ್ನ ವೈದ್ಯ.

ನನ್ನ ಅತ್ತೆ ಅಕ್ಕಯ್ಯಮ್ಮನವರು ಇದಕ್ಕೆ ತದ್ವಿರುದ್ಧ. ಮೇಲೂರಿನಲ್ಲಿ ಅವರಿಗೆ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ. ತೋಟದಲ್ಲಿ ನಾಗರಹಾವು ಕಂಡರೆ “ಪೋ ರಾ, ಪಕ್ಕಕು” ಎಂದು ತೆಲುಗಿನಲ್ಲಿ ಗದರಿಸಿ ಸೊಪ್ಪು ಕೊಯ್ಯುವ ಹೆಂಗಸು. ಕಾಲು ತೊಳೆಯದೆ ಹುಳುಮನೆಗೆ ಕಾಲಿಟ್ಟರೆ ನನಗೂ ಅದೇ ಗದರಿಕೆ. ಉಳಿದಂತೆ ನನ್ನನ್ನು “ಅಳಿಯಂದ್ರೇ” ಎಂದು ಬಹುವಚನದಲ್ಲೇ ಕರೆಯುವರು. ನಾನಾದರೂ ಇಪ್ಪತ್ತಾರು ವರ್ಷಗಳಲ್ಲಿ ಅವರೆದುರು ಕುರ್ಚಿಗೆ ಒರಗಿ ಕೂತವನಲ್ಲ.

ಹೋದ ವರ್ಷ ಸೊಪ್ಪು ಕೊಯ್ಯುವಾಗ ಅತ್ತೆಯ ಕಾಲಿಗೆ ಕುಡುಗೋಲು ತಗುಲಿ ಗಾಯ ಕೀವಾಯಿತು. ಒಂದರ ಮೇಲೊಂದು ಆ್ಯಂಟಿಬಯಾಟಿಕ್ ಕೊಟ್ಟರು. ಗಾಯ ಮಾಯಿತು, ಹೊಟ್ಟೆ ಕೆಟ್ಟಿತು. ಗಾಯದ ಕ್ರಿಮಿಗಳ ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತು, ಖಾಲಿಯಾದ ಜಾಗಕ್ಕೆ ಒಂದು ದುಷ್ಟ ಬ್ಯಾಕ್ಟೀರಿಯಾ ಬಂದು ಸೇರಿದೆಯಂತೆ. ಅದಕ್ಕೂ ಔಷಧಿ ಕೊಟ್ಟರು. ಭೇದಿ ನಿಂತಿತು ಅನ್ನುವಷ್ಟರಲ್ಲಿ ಮರುಕಳಿಸಿತು. ಹೀಗೆ ಮೂರು ಸಲ. ಹಾವಿಗೆ ಗದರಿಸುತ್ತಿದ್ದ ಹೆಂಗಸನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಒಂದು ಬೆಳಿಗ್ಗೆ ಗೌರಿಬಿದನೂರಿನ ಕಾಲೇಜು ಆಫೀಸಿನಲ್ಲಿ ನಾನು ಫೈಲು ಬಿಚ್ಚುತ್ತಿದ್ದಾಗ ಪದ್ಮ ಮೇಲೂರಿನಿಂದ ಫೋನು ಮಾಡಿದಳು. ಬರೀ ಅತ್ತಳು. ನಾನು ಬಲ್ಲ ಭಯಗಳೆಲ್ಲ ಎದೆ ಹೊಡೆದುಕೊಳ್ಳುವಂಥವು. ಇದು ಕೈಕಾಲು ತಣ್ಣಗಾಗಿಸುವ ಭಯ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಇದರ ಮೇಲೆ ಸಂಶೋಧನೆ ನಡೆಯುತ್ತಿತ್ತು, ಅತ್ತೆಯನ್ನು ಅಲ್ಲಿಗೆ ಸೇರಿಸಿದೆವು. ಅಲ್ಲಿಯ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಸಂಕೋಚವಿಲ್ಲದೆ ಹೇಳಿದರು: ಆರೋಗ್ಯವಂತರ ಮಲದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಶುದ್ಧಮಾಡಿ ರೋಗಿಯ ಕರುಳಿಗೆ ಸೇರಿಸುವುದು. ಅವು ಬೇರೂರಿದರೆ ದುಷ್ಟನಿಗೆ ಜಾಗವಿರದು. ಅವುಗಳಲ್ಲಿ ಯಾವುದು ಈ ಕೆಲಸ ಮಾಡುತ್ತದೆಂದು ಕಂಡುಹಿಡಿದರೆ ಮುಂದೆ ಅದನ್ನೇ ಔಷಧಿ ಮಾಡಬಹುದು.

ಬಾಮೈದ ನಾರಾಯಣಸ್ವಾಮಿ ಎದೆ ತಟ್ಟಿಕೊಂಡ. “ನಮ್ಮಮ್ಮಂಗೆ ನಾನಿಲ್ವಾ ಡಾಕ್ಟ್ರೇ? ತಗೊಳ್ಳಿ, ಎಷ್ಟು ಬೇಕು?”

“ಈಚೆಗೆ ಆ್ಯಂಟಿಬಯಾಟಿಕ್ ತಗೊಂಡಿದ್ರಾ?”

“ಹೋದ್ ತಿಂಗ್ಳು ನೆಗಡಿ ಆಗಿತ್ತು. ಮೆಡಿಕಲ್ ಸ್ಟೋರಲ್ಲಿ ಕೇಳಿ ನುಂಗ್ದೆ.”

ಅವನು ಆಗುವುದಿಲ್ಲ. ಪದ್ಮ ಹಲ್ಲುನೋವಿಗೆ ನುಂಗಿದ್ದಳು, ಅವಳೂ ಆಗುವುದಿಲ್ಲ. ಡಾಕ್ಟರಮ್ಮನ ಕಣ್ಣು ಬಾಗಿಲ ಮರೆಯಲ್ಲಿದ್ದ ನನ್ನ ಮೇಲೆ ಬಿತ್ತು.

“ಇವ್ರು ಮಾತ್ರೆ ನುಂಗಿದ್ದನ್ನ ನಾನು ಮದ್ವೆ ಆದಾಗಿಂದ ನೋಡೇ ಇಲ್ಲ,” ಎಂದಳು ಪದ್ಮ. ಅವಳ ದನಿಯಲ್ಲಿ ಮೊದಲ ಸಲ ಹೆಮ್ಮೆ ಕೇಳಿಸಿತು. ಡಾಕ್ಟರಮ್ಮ ಮಾತ್ರ, “ಇದನ್ನ ದೊಡ್ಡ ಗುಣ ಅನ್ಕೋಬೇಡಿ. ಬೇಕಾದಾಗ ಔಷಧಿ ತಗೊಳ್ಳಲೇಬೇಕು. ಈಗ ಮಾತ್ರ ನೀವೇ ಬೇಕು,” ಎಂದರು.

ಪರೀಕ್ಷೆಗಳು ಶುರುವಾದವು. ಸೂಜಿ ಕಂಡಾಗ ಕಣ್ಣು ಮುಚ್ಚಿದವನು, ತೆರೆದಾಗ ಮಂಚದ ಮೇಲಿದ್ದೆ. ವರದಿ ಬರುವವರೆಗೆ ನನಗೆ ಗೊತ್ತಿದ್ದ ರೋಗಗಳನ್ನೆಲ್ಲ ನನ್ನ ಮೈಗೆ ಹಚ್ಚಿಕೊಂಡು ನೋಡಿದೆ. ಆ ಗಾಬರಿಯಲ್ಲಿ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಪ್ರಿನ್ಸಿಪಾಲರ ಹೆಸರಿನ ಮುಂದೆ ನಾನು ಸಹಿ ಮಾಡಿದೆ. ನನಗೇನಾದರೂ ಇದ್ದರೆ ಎಂಬ ಭಯ ಒಂದು ಕಡೆ. ನನ್ನೊಳಗೆ ಅಡಗಿರುವ ಏನೋ ಒಂದು ಆ ಬಡಕಲು ದೇಹಕ್ಕೆ ಹೋಗಿ ಅತ್ತೆಯನ್ನು ಮುಗಿಸಿಬಿಟ್ಟರೆ ಎಂಬುದು ಅದಕ್ಕಿಂತ ದೊಡ್ಡದು. ಪದ್ಮಳ ಮುಖವನ್ನು ಆಮೇಲೆ ಹೇಗೆ ನೋಡಲಿ? ವರದಿ ಬಂತು. ನಾನು ಯೋಗ್ಯನಂತೆ.

ಅತ್ತೆಗೆ ತಿಳಿಸದೆ ಮಾಡುವಂತಿಲ್ಲ. ಡಾಕ್ಟರಮ್ಮ ಎಲ್ಲ ಬಿಡಿಸಿ ಹೇಳುವಾಗ ನಾನು ವಾರ್ಡಿನ ಹೊರಗೆ ಗೋಡೆ ಹಿಡಿದು ನಿಂತಿದ್ದೆ. ಆಮೇಲೆ ಒಳಗಿನಿಂದ ಅತ್ತೆಯ ಕ್ಷೀಣ ದನಿ: “ಮನೇಲಿ ಹೆಪ್ಪು ಕೆಟ್ಟೋದ್ರೆ ಪಕ್ಕದ್ಮನೆಯಿಂದ ಈಸ್ಕೊಂಡು ಬರಲ್ವಾ, ಹಂಗೆ ಅನ್ನಿ. ಅಳಿಯಂದ್ರನ್ನ ಕರೀರಿ.”

ಒಳಗೆ ಹೋದೆ. ಏನಾದರೂ ಧೈರ್ಯದ ಮಾತು ಆಡಬೇಕೆಂದು ಹೊರಟವನ ಬಾಯಿಂದ, “ನಂಗೆ ಭಯ ಆಗ್ತಿದೆ ಅತ್ತೆ” ಎಂದು ಬಂತು.

ಅವರು ನನ್ನ ಕೈಹಿಡಿದರು. “ನಂಗೂ ಭಯವೇ ಕಣಪ್ಪಾ,” ಎಂದರು. “ಯಾರ್ಗೂ ಹೇಳ್ಬೇಡ.”

ಹೆದರಿದಾಗಲೆಲ್ಲ ನನ್ನ ಹೊಟ್ಟೆ ತಡಮಾಡಿದ್ದೇ ಇಲ್ಲ. ಅಂದು ಡಬ್ಬಿ ಹಿಡಿದು ಆಸ್ಪತ್ರೆಯ ಶೌಚಾಲಯದಲ್ಲಿ ಕೂತಾಗ ಮಾತ್ರ ಮುಷ್ಕರ ಹೂಡಿತು. ಹೊರಗಿನಿಂದ ನರ್ಸು, “ಆಯ್ತಾ ಸರ್?” ಎನ್ನುವಳು. ಅವಳ ಹಿಂದೆಯೇ ಬಾಮೈದ, “ಭಾವಾ, ಅಮ್ಮ ಕಾಯ್ತಾವ್ಳೆ!” ಎನ್ನುವನು. ಎರಡು ಲೋಟ ಕಾಫಿ ಬಾಗಿಲ ಸಂದಿಯಿಂದ ಒಳಗೆ ಬಂದ ಮೇಲೆ ಕಾರ್ಯ ನೆರವೇರಿತು.

ಚಿಕಿತ್ಸೆಯಾದ ಮೇಲೆ ಪದ್ಮಳನ್ನು ಅಲ್ಲೇ ಬಿಟ್ಟು ಊರಿಗೆ ಬಂದೆ. ಫೋನು ರಿಂಗಾದರೆ ಕೈ ಮುಂದೆ ಹೋಗುತ್ತಿರಲಿಲ್ಲ. ನಾಲ್ಕನೆಯ ದಿನ ಕಾಲೇಜಿನ ಮೆಟ್ಟಿಲಲ್ಲಿದ್ದಾಗ ರಿಂಗಾಯಿತು. “ಅಮ್ಮ ಮುದ್ದೆ ಕೇಳ್ತಿದಾಳೆ ಕಣ್ರೀ!” ಎಂದಳು ಪದ್ಮ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಿಂಗಳುಗಳು ಕಳೆದವು, ಕಾಯಿಲೆ ಮರುಕಳಿಸಲಿಲ್ಲ.

ಇತ್ತೀಚೆಗೆ ಚಿಕ್ಕಬಳ್ಳಾಪುರದಲ್ಲಿ ನೆಂಟರ ಮದುವೆ. ಪದ್ಮ ಎಲ್ಲರಿಗೂ “ಅಮ್ಮನ್ನ ಉಳಿಸ್ದೋರು ಇವ್ರೇ, ಇವ್ರೇ ಕೊಟ್ಟಿದ್ದು” ಎಂದಷ್ಟೇ ಹೇಳಿ, ಏನು ಕೊಟ್ಟರೆಂಬುದನ್ನು ಮರ್ಯಾದೆಯಿಂದ ನುಂಗಿಕೊಂಡಿದ್ದಳು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ವಿದುರಾಶ್ವತ್ಥದ ಹಿರಿಯರೊಬ್ಬರು ನನ್ನ ಭುಜ ಸವರಿ, “ಹೆತ್ತ ಮಕ್ಳೇ ಕೊಡಲ್ಲ, ಅಂಥಾದ್ರಲ್ಲಿ ಅಳಿಯ ಕಿಡ್ನಿ ಕೊಟ್ಟಿದೀರಲ್ಲಪ್ಪಾ!” ಎಂದರು. ಸುತ್ತಲಿನವರು ತಿನ್ನುವುದನ್ನು ನಿಲ್ಲಿಸಿ ಗೌರವದಿಂದ ನೋಡಿದರು. ನಾನು ತಲೆತಗ್ಗಿಸಿ ಪಾಯಸ ಕಲಸಿದೆ.

“ಎಡಗಡೇದಾ, ಬಲಗಡೇದಾ?” ಎಂದರು ಹಿರಿಯರು.

ಅಷ್ಟು ಜನರೆದುರು ನಿಜ ಹೇಳುವ ಧೈರ್ಯವಿರಲಿಲ್ಲ. ಸುಳ್ಳು ಹೇಳುವ ಧೈರ್ಯವಂತೂ ನನಗೆ ಮೊದಲಿನಿಂದಲೂ ಇಲ್ಲ.

“ಮಧ್ಯದ್ದು,” ಎಂದೆ.