ಇನ್ನೂ ಇಬ್ಬರ ಹೆಸರು ಬಾಕಿ

ಫುಟ್‌ಬಾಲ್ ಆಟದಲ್ಲಿ ಗೋಲು ಅಷ್ಟೇನೂ ಮುಖ್ಯವಲ್ಲ ಎಂದು ಮನಸಾರೆ ನಂಬಿದ ಕಾಮೆಂಟೇಟರ್ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನಮ್ಮ ಕಾಕಾ, ಅಪ್ಪನ ತಮ್ಮ. ಹೆಸರು ಹೇಳುವುದಿಲ್ಲ. ಟಿವಿಯವರೇ ಅಷ್ಟು ವರ್ಷ ಹೇಳಲಿಲ್ಲ, ನಾನು ಹೇಳಿ ಯಾಕೆ ಕೆಟ್ಟವಳಾಗಲಿ?

ಕಾಕಾ ಚೆಂಡು ಒದ್ದವನಲ್ಲ. ಒಮ್ಮೆ ಒದ್ದಿದ್ದಾನೆ, ಚಪ್ಪಲಿ ಚೆಂಡಿಗಿಂತ ದೂರ ಹೋಯಿತು. ಅವನ ಹೆಸರು ನಡೆದದ್ದು ಮದುವೆಗಳಲ್ಲಿ, ಆಯೇರಿ ಕೂಗುವುದರಲ್ಲಿ. ನಮ್ಮ ಕಡೆ ಅಕ್ಕಿಕಾಳು ಬಿದ್ದ ಮೇಲೆ ಬಂಧುಗಳೆಲ್ಲ ಸೀರೆ, ಕುಬಸ, ಕೊಡ, ತಾಟು ಹಿಡಿದು ಸಾಲು ನಿಲ್ಲುತ್ತಾರೆ. ಯಾರಿಂದ ಯಾರಿಗೆ ಏನು ಎಂದು ಒಬ್ಬರು ಮೈಕಿನಲ್ಲಿ ಕೂಗಬೇಕು. ಕೂಗದಿದ್ದರೆ ಕೊಟ್ಟಂತೆಯೇ ಅಲ್ಲ! ಒಂದು ಟವೆಲ್ಲಿನ ಕೂಗು ತಪ್ಪಿದ್ದಕ್ಕೆ ಮಾತು ಬಿಟ್ಟ ಮನೆಗಳು ಶಹಾಪುರದಲ್ಲಿ ಇಂದಿಗೂ ಇವೆ.

ಕಾಕಾ ಕೂಗುತ್ತಿದ್ದ ಚೆಂದವೇ ಬೇರೆ. "ಸುರಪುರದ ಬೀಗರು, ಮದುಮಗನ ಸ್ವಾದರಮಾವನ ಹಿರಿ ಮಗ, ಅವರಿಂದ ಮದುಮಗಳಿಗೆ ಒಂದು ಹಿತ್ತಾಳಿ ಕೊಡ! ಕೊಡ ಹೊತ್ತು ತಂದವರು ಅವರ ಅಳಿಯ, ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ನಿದ್ದಿ ಮಾಡಲಾರದ ಬಂದಾರ!" ಹೀಗೆ ಕೂಗಿಸಿಕೊಳ್ಳಲಿಕ್ಕೆಂದೇ ಜಿಪುಣರೂ ತಾಟಿನ ಜೊತೆ ಲೋಟ ಸೇರಿಸುತ್ತಿದ್ದರು. ಊರವರ ಮದುವೆ ಕೂಗುವುದರಲ್ಲಿ ತನ್ನದೊಂದು ಆಗಬೇಕಿತ್ತು ಎಂಬುದೇ ಅವನಿಗೆ ಮರೆತುಹೋಯಿತು. ನಮ್ಮ ಮನೆಯಲ್ಲೇ ಇದ್ದ, ಅವ್ವನ ಕೈಯಲ್ಲೇ ಉಂಡ.

ಒಮ್ಮೆ ಭೀಮರಾಯನಗುಡಿ ಕ್ಯಾಂಪಿನಲ್ಲಿ ಫುಟ್‌ಬಾಲ್ ಪಂದ್ಯ. ಮೈಕಿಗೆ ಬರಬೇಕಾದವನಿಗೆ ಜ್ವರ. ಕಾಕಾನನ್ನು ಎಳೆದೊಯ್ದರು. ಸ್ವಲ್ಪ ಹೊತ್ತು ಆಟ ನೋಡಿ ಕಾಕಾ ಅಂದನಂತೆ, "ಅಯ್ಯ, ಇದೂ ಆಯೇರಿನೇ ಅಲ್ಲೇನು? ಇವರಿಂದ ಅವರಿಗೆ, ಅವರಿಂದ ಇವರಿಗೆ!" ಅಂದಿನ ಕೂಗನ್ನು ಯಾರೋ ಫೋನಿನಲ್ಲಿ ಹಿಡಿದರು. ಅದು ಊರೂರು ಸುತ್ತಿ, ಕನ್ನಡದಲ್ಲಿ ಫುಟ್‌ಬಾಲ್ ತೋರಿಸಲು ಹೊರಟಿದ್ದ ಟಿವಿಯವರ ಕಿವಿಗೆ ಬಿತ್ತು. ಬೆಂಗಳೂರಿಗೆ ಕರೆದರು.

"ಮೈದಾನದಾಗ ಕುಂತು ಹೇಳ್ತಿಯೇನು?" ಅಪ್ಪ ಕೇಳಿದ.

"ಇಲ್ಲಣ್ಣ. ಆಟ ಎಲ್ಲೋ ನಡಿತೈತಿ. ನಾ ಒಂದು ಖೋಲ್ಯಾಗ ಟಿವಿ ನೋಡಿಕೋತ ಹೇಳೂದು."

"ಟಿವಿ ನೋಡಾಕ ಪಗಾರ ಕೊಡ್ತಾರ? ಹಂಗಾದ್ರ ನಿಮ್ಮ ವೈನಿಗೆ ಎಷ್ಟು ಬರಬೇಕಲೇ!"

ಅವ್ವ ಒಲೆಯ ಮುಂದಿನಿಂದ, "ನಾ ಕೂಗಂಗಿಲ್ಲಲ್ಲ, ಅದಕ್ಕ ಕೊಡಂಗಿಲ್ಲ" ಅಂದಳು.

ಪಂದ್ಯವಿದ್ದ ಸಂಜೆ ನಮ್ಮ ಪಡಸಾಲೆ ತುಂಬುತ್ತಿತ್ತು. ಅಪ್ಪನಿಗೆ ಆಟ ಬೇಕಿರಲಿಲ್ಲ, ಆಟಕ್ಕೆ ಮುಂಚಿನ ಮಾತು ಬೇಕಿತ್ತು. ನಿರೂಪಕಿ ನಗುತ್ತ ಮಾಜಿ ಆಟಗಾರನ ಹೆಸರು ಹೇಳುತ್ತಿದ್ದಳು, ಪಕ್ಕದ ಕಾಮೆಂಟೇಟರ್ ಹೆಸರು ಹೇಳುತ್ತಿದ್ದಳು, ಆಮೇಲೆ "ಮತ್ತು ನಮ್ಮ ಖಡಕ್ ರೊಟ್ಟಿ ಗೆಳೆಯ!" ಅನ್ನುತ್ತಿದ್ದಳು. ಅಷ್ಟೇ. ಮನುಷ್ಯನಿಗೆ ತಂದೆತಾಯಿ ಹೆಸರಿಟ್ಟಿರುತ್ತಾರೆ ಎಂಬುದು ಬೆಂಗಳೂರಿಗೆ ಗೊತ್ತಿರಲಿಲ್ಲವೋ, ಕೃಷ್ಣಾ ನದಿಯ ಈಚೆಗೆ ಇಡುತ್ತಾರೆಂದು ಗೊತ್ತಿರಲಿಲ್ಲವೋ!

"ಹೆಸರು ಹೇಳಲಿಲ್ಲಲ್ಲ," ಅನ್ನುತ್ತಿದ್ದ ಅಪ್ಪ. "ಮುಂದಿನ ಸಲ ಹೇಳಬಹುದು." ಮುಂದಿನ ಸಲವೂ ರೊಟ್ಟಿ, ಅದರ ಮುಂದಿನ ಸಲವೂ ರೊಟ್ಟಿ. ಹಾಸಿಗೆ ಹಿಡಿದ ಮೇಲೂ ಅಪ್ಪ ಆ ಮೊದಲ ಮಾತು ತಪ್ಪಿಸಲಿಲ್ಲ. ಹೆಸರು ಬರಲಿಲ್ಲ. ಅಪ್ಪನೇ ಹೋದ.

ಅತ್ತ ಕಾಕಾನದು ಬೇರೆ ಜಗಳ. ಗೋಲು ಬಿದ್ದಾಗ ಉಸಿರು ಮುಗಿಯುವವರೆಗೂ "ಗೋ...ಲ್" ಎಂದು ಎಳೆಯಬೇಕು ಅಂತ ಟಿವಿಯವರು. "ಎಳಿಯಾಕ ನಾ ಏನು ಹರಾಜಿನವನೇನ್ರಿ?" ಅಂತ ಇವನು. ಗೋಲನ್ನು ಹತ್ತು ಕಡೆಯಿಂದ ತಿರುಗಿಸಿ ತೋರಿಸುತ್ತಾರೆ, ಹತ್ತರಲ್ಲೂ ಒದ್ದ ಕಾಲೊಂದೇ! ಆ ಕಾಲಿಗೆ ಚೆಂಡು ತಂದು ಕೊಟ್ಟವರು ಯಾರು? ಅವರಿಗೆ ಕೊಟ್ಟವರು ಯಾರು? ಕೂಗದಿದ್ದರೆ ಕೊಟ್ಟಂತೆಯೇ ಅಲ್ಲವಲ್ಲ!

ಕಡೆಗೆ ಫೈನಲ್ ಬಂತು. ಆಟ ಸಮಸಮ, ಹೊತ್ತು ಮುಗಿಯುತ್ತ ಬಂದಿದೆ. ಕಾಕಾ ಶುರುಮಾಡಿದ: "ಗೋಲ್‌ಕೀಪರ್ ಸಾಹೇಬರ ಕೈಯಿಂದ ಎಡಗಡೆಯ ಹುಡುಗನಿಗೆ. ಈ ಹುಡುಗ ಮಣಿಪುರದವ, ಕಾಲು ಉಳುಕೇತಿ, ಆದ್ರೂ ಬಂದಾನ. ಅವನಿಂದ ನಡುವಿನವನಿಗೆ..." ಅಷ್ಟರಲ್ಲಿ ಚೆಂಡು ಬಲೆಯೊಳಗೆ! ಮೈದಾನ ಎದ್ದು ಕುಣಿಯಿತು. ಒದ್ದವನು ಅಂಗಿ ಬಿಚ್ಚಿ ಎಸೆದ. ಕಾಕಾ ಇನ್ನೂ ನಡುವಿನವನ ಊರಿನಲ್ಲೇ ಇದ್ದಾನೆ. ಕಿವಿಯೊಳಗೆ ಯಾರೋ "ಗೋಲ್ ಅನ್ರೀ, ಗೋಲ್!" ಎಂದು ಚೀರಿರಬೇಕು. ನಾಡಿಗೆ ನಾಡೇ ಕೇಳುವಂತೆ ಕಾಕಾ ಅಂದ: "ತಡೀರಿ, ಇನ್ನೂ ಇಬ್ಬರ ಹೆಸರು ಬಾಕಿ ಅದಾವ!"

ಮರುದಿನದಿಂದ ಆ ಮಾತು ಎಲ್ಲರ ಫೋನಿನಲ್ಲೂ ಕುಣಿಯಿತು. ನಗಲಾರದವರೂ ನಕ್ಕರು. ಮುಂದಿನ ಹಂಗಾಮಿಗೆ ಟಿವಿಯವರು ಕರೆಯಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅವರ ಲೆಕ್ಕದಲ್ಲಿ ರೊಟ್ಟಿ ಹಳಸಿತ್ತು, ಬಿಸಾಡಿದರು.

ಊರಿಗೆ ಬಂದ ಕಾಕಾ ಮೈಕು ಮುಟ್ಟುವುದಿಲ್ಲ ಎಂದು ಆಣೆ ಹಾಕಿದ. ಹೋಟೆಲಿನಲ್ಲಿ ಕುಳಿತರೆ, "ಏನ್ರೀ ಖಡಕ್ ರೊಟ್ಟಿ, ಗೋಲ್ ಆತೇನು?" ಎಂದು ಕೆಣಕುವವರು.

"ಈ ಚಹಾ ಮಾಡಿ ಕೊಟ್ಟವರ ಹೆಸರು ಗೊತ್ತೈತೇನು ನಿನಗ?"

"ಇಲ್ರೀ."

"ಮತ್ತ ಹ್ಯಾಂಗ ನುಂಗಾಕತ್ತಿ?"

ಮನೆಯಲ್ಲಿ ಇನ್ನೂ ಕಷ್ಟ. ತಾಟಿನ ಮುಂದೆ ಕುಳಿತರೆ ಜೋಳ ಬೆಳೆದವನ ಹೆಸರು, ಚೀಲ ಹೊತ್ತ ಹಮಾಲನ ಹೆಸರು, ಗಿರಣಿಯವನ ಹೆಸರು ಎಲ್ಲ ಆಗಬೇಕು. ಕಡೆಗೆ "ರೊಟ್ಟಿ, ನಮ್ಮ ಮನಿದು" ಎಂದು ಮುಗಿಸಿ ಉಣ್ಣುತ್ತಿದ್ದ. ಅವ್ವ "ಆರಿ ಹೋದ್ವು ತಮ್ಮಾ" ಅನ್ನುತ್ತಿದ್ದಳು, ಇನ್ನೊಂದು ಬಿಸಿಯದು ಹಾಕುತ್ತಿದ್ದಳು. ಊಟ ಮುಗಿದರೆ ಅದೇ ಪುರಾಣ: ಅಷ್ಟು ವರ್ಷ ದುಡಿದೆ, ಒಮ್ಮೆಯಾದರೂ ನನ್ನ ಹೆಸರು ಹೇಳಿದರೇನು, ಅಣ್ಣ ಕೇಳಲಾರದೇ ಹೋದ. ನಾವೆಲ್ಲ ತಲೆಯಾಡಿಸಿ ತಲೆಯಾಡಿಸಿ ಕುತ್ತಿಗೆ ನೋಯಿಸಿಕೊಂಡೆವು.

ಒಂದು ಮಧ್ಯಾಹ್ನ ನಾನು ತವರಿಗೆ ಹೋಗಿದ್ದೆ, ಮಗಳ ಮದುವೆಯ ಮಾತಾಡಲು. ಪುರಾಣ ನಡೆದಿತ್ತು. ಅವ್ವ ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತ ಕುಳಿತವಳು ಸೂಜಿ ನಿಲ್ಲಿಸಿ ಕೇಳಿದಳು, "ತಮ್ಮಾ, ನನ್ನ ಹೆಸರೇನು ಹೇಳು?"

ಕಾಕಾ ನಕ್ಕ. "ಏನ್ ಕೇಳ್ತೀರಿ ವೈನಿ! ನಿಮ್ಮ ಹೆಸರು..."

ಅಷ್ಟೇ. ಬದಲಿ ಗೋಲ್‌ಕೀಪರನ ಸೋದರತ್ತೆಯ ಊರು ಬಾಯಿಪಾಠ ಇದ್ದ ಮನುಷ್ಯ! ಕಣ್ಣು ನನ್ನ ಕಡೆ ತಿರುಗಿತು. ನಾನು ಹೇಳಿಕೊಡಲಿಲ್ಲ. ನನಗೂ ಅವಳು ಅವ್ವ, ಓಣಿಗೆ ಅವ್ವಾರು, ಮೊಮ್ಮಕ್ಕಳಿಗೆ ಆಯಿ. ಅಪ್ಪ ಕರೆಯುತ್ತಿದ್ದುದೇ "ಏ, ಇಲ್ಲಿ ಕೇಳಿಲ್ಲಿ" ಎಂದು. ಅವಳ ಹೆಸರನ್ನು ನಾಲಿಗೆಯ ಮೇಲೆ ಇಟ್ಟುಕೊಂಡವರು ಮನೆಯಲ್ಲಿ ಯಾರೂ ಇರಲಿಲ್ಲ.

"ಇರ್ಲಿ ಬಿಡು," ಎಂದು ಅವ್ವ ಮತ್ತೆ ಸೂಜಿ ಎತ್ತಿದಳು. ಕಾಕಾ ನೀರು ಕುಡಿಯಲು ಎದ್ದವನು ಸಂಜೆಯವರೆಗೂ ಒಳಗೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಅಂದು ಅವನು ರಾಮಸಮುದ್ರದ ಬಸ್ಸು ಹತ್ತಿದ್ದ. ಅದು ಅವ್ವನ ತವರು.

ಮಗಳ ಮದುವೆ ಬಂತು. ಯಾದಗಿರಿಯಿಂದ ಮೈಕಿನವನನ್ನು ಗೊತ್ತುಮಾಡಿದ್ದೆವು, ಕೋಟು ತೊಟ್ಟವನು, ಅವಸರದವನು. ಕಾಕಾ ಕೈಕಟ್ಟಿಕೊಂಡು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ. ಅವ್ವ ವೇದಿಕೆ ಹತ್ತಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ನಮ್ಮ ಸೋದರತ್ತೆಯ ಜೊತೆ ನಿಂತಿದ್ದಳು. ಅವಳು ಹೊಲಿದ ಕೌದಿ ಯಾರದೋ ಕೈಯಲ್ಲಿ ವೇದಿಕೆಗೆ ಹೋಯಿತು. ಮೈಕಿನವನು ಅಪ್ಪನ ಹೆಸರು ಹಿಡಿದು, "ದಿವಂಗತ ಯಜಮಾನರಿಂದ ಒಂದು ಕೌದಿ!" ಎಂದು ಕೂಗಿ ಮುಂದಿನ ಮಿಕ್ಸರಿಗೆ ಹೋದ.

ಮೂಲೆಯ ಕುರ್ಚಿ ಸರಿದ ಸದ್ದು ಕೇಳಿತು.

"ಸತ್ತವರು ಕೌದಿ ಹೊಲಿತಾರೇನ್ರಿ?" ಕಾಕಾ ಮೈಕು ಕಿತ್ತುಕೊಂಡಿದ್ದ. "ತಡೀರಿ, ಇನ್ನೂ ಒಬ್ಬರ ಹೆಸರು ಬಾಕಿ ಐತಿ."

ಛತ್ರಕ್ಕೆ ಛತ್ರವೇ ನಕ್ಕಿತು. ಫೋನಿನ ಜೋಕು ಎದುರಿಗೇ ಬಂದು ನಿಂತಿದೆಯಲ್ಲ! ಕಾಕಾ ನಗು ಆರುವವರೆಗೂ ಕಾದ.

"ಈ ಕೌದಿಗೆ ಹಳಿ ಸೀರಿ ಜೋಡಿಸಿದವರು, ಸೂಜಿ ಪೋಣಿಸಿದವರು, ಹೊಲಿದವರು, ಕೊಟ್ಟವರು, ಎಲ್ಲಾ ಒಬ್ಬರೇ. ನಾ ಹುಟ್ಟಿದ ಮನ್ಯಾಗ ಇವತ್ತಿನ ತನಕ ಉಂಡ ರೊಟ್ಟಿನೂ ಅವರದೇ. ರಾಮಸಮುದ್ರದ ತವರಿನ ಮಗಳು..." ಉಸಿರು ಎಳೆದುಕೊಂಡ. ಟಿವಿಯವರಿಗೆ ಒಮ್ಮೆಯೂ ಎಳೆದು ಕೊಡದ ಆ ಕೂಗನ್ನು ಎಳೆದ. "ಚಂದ......ಮ್ಮ!"

ಅವ್ವ ಅಡಿಗೆಮನೆಯ ಬಾಗಿಲಲ್ಲಿ ಕತ್ತು ಉದ್ದ ಮಾಡಿ, "ಯಾರಿಗೆ ಕರ್ಯಾಕತ್ತಾನ ಇವ?" ಎಂದು ಕೇಳಿದಳು.

"ಯವ್ವಾ, ನಿನ್ನ ಹೆಸರೇ ಅಲ್ಲೇನ!" ಎಂದು ಅತ್ತೆ ತಿವಿದಳು.

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಮೂರು ಮನೆಯಾಚೆ ಹಾಲು ಉಕ್ಕಿದರೂ ಕೇಳುವ ಕಿವಿ ಅವಳದು. ಪಕ್ಕಕ್ಕೆ ಬಂದ ನನ್ನ ಮೊಣಕೈ ಹಿಡಿದು ಸಣ್ಣ ದನಿಯಲ್ಲಿ ಅಂದಳು, "ನನಗ ಸರಿ ಕೇಳಲಿಲ್ಲ. ಇನ್ನೊಮ್ಮಿ ಹೇಳಂತ ಹೇಳು."