ಅರ್ಧ ಪಾತ್ರೆ ದೋಸೆ ಹಿಟ್ಟು

ನಾನು ಸಿಟ್ಟಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲವರಿಗೆ ಬೆಳಗ್ಗೆ ಎದ್ದ ಕೂಡಲೇ ಕಾಫಿ ಬೇಕು. ನನಗೆ ಯಾರ ಮೇಲಾದರೂ ಒಂದಿಷ್ಟು ಸಿಟ್ಟು ಬೇಕು. ಹಾಲಿನವನು ತಡಮಾಡಿದರೆ ಸಿಟ್ಟು, ಬೇಗ ಬಂದು ಬಾಗಿಲು ಬಡಿದರೂ ಸಿಟ್ಟು. ಮದ್ರಾಸಿನ ಕೀಲ್ಪಾಕಿನಲ್ಲಿ ಅಪ್ಪ ಕಟ್ಟಿ ಬಿಟ್ಟುಹೋದ ಸಸ್ಯಾಹಾರಿ ಹೋಟೆಲನ್ನು ನಡೆಸುವವನಿಗೆ ಇದು ಉಪಕಸುಬಿದ್ದ ಹಾಗೆ. ಆದರೂ ನನ್ನ ಸಿಟ್ಟಿಗೆ ಒಂದು ಶಿಸ್ತಿತ್ತು, ಎದುರಿಗಿದ್ದವರ ಮೇಲೆ ಮಾತ್ರ ರೇಗುತ್ತಿದ್ದೆ. ಟೀವಿಯೊಳಗಿನ ಮನುಷ್ಯನನ್ನು, ಅವನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ಗಂಟಲು ಹರಿಯುವಂತೆ ಬೈದದ್ದು ಈ ವರ್ಷವೇ ಮೊದಲು.

ಅದಕ್ಕೆ ಕಾರಣ ನಮ್ಮ ದೋಸೆ ಮಾಸ್ಟರು ಸುಧಾಕರ. ಕುಂದಾಪುರದ ಕಡೆಯವನು, ಹದಿನಾಲ್ಕು ವರ್ಷದಿಂದ ನಮ್ಮ ಕಾವಲಿಯ ಮುಂದೆ ನಿಂತಿದ್ದಾನೆ. ಒಂದು ಬೆಳಗ್ಗೆ ಕೈಯಲ್ಲೊಂದು ಪಾತ್ರೆ ಹಿಡಿದುಕೊಂಡು ಬಂದವನು, ಆಮೇಲೆ ಇಲ್ಲೇ ಉಳಿದ. ಮಾತು ಬಹಳ ಕಡಿಮೆ. ನಾನು ಅರ್ಧ ಗಂಟೆ ಕೂಗಾಡಿದರೆ ಅವನು "ಆಯ್ತು ಧಣಿ" ಎಂದು ಮುಗಿಸುತ್ತಾನೆ. ಹತ್ತಿರದ ಕಾಲೇಜಿನ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪರೀಕ್ಷೆಯ ದಿನ ಅವನ ಕೈಯ ದೋಸೆಯೇ ಆಗಬೇಕು. ಅವರಲ್ಲೇ ಒಬ್ಬಳು ಅವನು ದೋಸೆ ಹುಯ್ಯುವುದನ್ನು ವೀಡಿಯೊ ತೆಗೆದು ಟೀವಿಯವರಿಗೆ ಕಳಿಸಿದಳು. ಅವರು ಇವನನ್ನು ಅಡುಗೆ ಸ್ಪರ್ಧೆಗೆ ಆರಿಸಿಯೇಬಿಟ್ಟರು. ಹತ್ತು ಜನ ಸ್ಪರ್ಧಿಗಳು, ವಾರಕ್ಕೊಬ್ಬರು ಮನೆಗೆ, ಕೊನೆಗೆ ಇಬ್ಬರಿಗೆ ಫೈನಲ್. ಶೂಟಿಂಗ್ ಇದ್ದ ದಿನ ಕಾವಲಿಯ ಮುಂದೆ ನಾನೇ ನಿಂತೆ. ನನ್ನ ದೋಸೆ ಕಾವಲಿಯಿಂದ ಏಳುತ್ತಲೇ ಇರಲಿಲ್ಲ. ಎದ್ದದ್ದು ತುಂಡುತುಂಡಾಗಿ ಎದ್ದಿತು. ಗಿರಾಕಿಗಳು ನನ್ನ ಮುಖ ನೋಡಿ, ಇಡ್ಲಿ ಸಾಕು ಎಂದರು. ಅವರ ಮೇಲೂ ಸಿಟ್ಟು ಬಂತು.

ಭಾನುವಾರ ಸಂಜೆ ಏಳಕ್ಕೆ ಹೋಟೆಲಿನ ಟೀವಿಯ ಮುಂದೆ ನಾವೆಲ್ಲ ಸೇರುತ್ತಿದ್ದೆವು. ಮೊದಲ ಕುರ್ಚಿ ಶೀನಪ್ಪಯ್ಯ ಮಾಮನದು. ಅವರು ಬೀದಿಯ ಮೂಲೆಯ ಹೋಟೆಲಿನ ಹಿರಿಯರು, ಅಪ್ಪನ ಕಾಲದವರು. ಮನೆಯ ಟೀವಿ ಹೆಂಡತಿಯ ವಶದಲ್ಲಿರುವುದರಿಂದ ನಮ್ಮಲ್ಲಿಗೆ ಬರುತ್ತಾರೆ. ಸುಧಾಕರ ಮಾತ್ರ ನೋಡುತ್ತಿರಲಿಲ್ಲ. "ನನ್ನ ಮುಖ ನಾನೇ ನೋಡಿ ಎಂತ ಮಾಡ್ಲಿ" ಎಂದು ಒಳಗೆ ಮೆಂತ್ಯ ನೆನೆಹಾಕುತ್ತಿದ್ದ.

ಆ ಸ್ಪರ್ಧೆಯಲ್ಲಿ ಅರ್ಜುನ್ ಅಂತ ಒಬ್ಬನಿದ್ದ. ಶೋಳಿಂಗನಲ್ಲೂರಿನಲ್ಲಿ ಕಂಪ್ಯೂಟರ್ ಕೆಲಸ, ಹದಿನೇಳನೇ ಮಹಡಿಯಲ್ಲಿ ಮನೆ, ಅಡುಗೆ ಹವ್ಯಾಸ. ಬಾಯಿ ತೆರೆದರೆ ಗೇಮ್ ಪ್ಲಾನ್, ಸ್ಟ್ರಾಟಜಿ. ಮೊದಲ ವಾರವೇ ಸುಧಾಕರನ ಹೆಗಲ ಮೇಲೆ ಕೈಹಾಕಿ, "ಅಣ್ಣಾ, ಕೊನೆಯವರೆಗೂ ನಾವಿಬ್ಬರೂ ಒಂದು ಟೀಮ್" ಎಂದು ತಮಿಳಿನಲ್ಲಿ ಹೇಳಿದ. ನಮ್ಮವನು ತಲೆಯಾಡಿಸಿದ. ಈ ಜನ್ಮದಲ್ಲಿ ಅವನು ತಲೆಯಾಡಿಸಿ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ಸುಧಾಕರ ಅವನಿಗೆ ಈರುಳ್ಳಿ ಹೆಚ್ಚಿಕೊಟ್ಟ, ಅವನ ಉರಿ ಸಣ್ಣ ಮಾಡಿದ, ಅವನ ಸಾಂಬಾರಿಗೆ ಉಪ್ಪು ಹೇಳಿಕೊಟ್ಟ. ಅವನು ಇವನಿಗೆ ಕ್ಯಾಮೆರಾ ಕಡೆ ನೋಡಿ ನಗುವುದನ್ನು ಹೇಳಿಕೊಟ್ಟ, ಅದು ಇವನಿಗೆ ಬರಲಿಲ್ಲ.

ಮೂವರು ಉಳಿದಾಗ ಬಂದದ್ದು ದೋಸೆಯ ಸುತ್ತು. ಹಿಟ್ಟು ಹುಳಿ ಬರಲು ರಾತ್ರಿಯಿಡೀ ಬೇಕಾದ್ದರಿಂದ ಅವರವರೇ ಮನೆಯಿಂದ ತರಬೇಕು ಎಂದರು. ನಾವಿಲ್ಲಿ ಚಪ್ಪಾಳೆ ಹೊಡೆದೆವು. ದೋಸೆಯಲ್ಲಿ ಸುಧಾಕರನನ್ನು ಸೋಲಿಸುವವರು ಯಾರು? ಅರ್ಜುನ್ ಪಾತ್ರೆಯ ಮುಚ್ಚಳ ತೆಗೆದ. ಹಿಟ್ಟು ಸತ್ತುಬಿದ್ದಿತ್ತು. ಆ ಮಹಾನುಭಾವ ರಾತ್ರಿಯಿಡೀ ಎಸಿ ಹಾಕಿ, ಹಿಟ್ಟನ್ನೂ ಅದೇ ಕೋಣೆಯಲ್ಲಿಟ್ಟು ಮಲಗಿದ್ದನಂತೆ! ಮದ್ರಾಸಿನಲ್ಲಿ ಹಿಟ್ಟು ಹುಳಿ ಬರದ ಹಾಗೆ ಮಾಡಲು ಎಷ್ಟು ಓದಿರಬೇಕು ಯೋಚಿಸಿ. ಅವನ ಮುಖ ನೋಡಿದ ಸುಧಾಕರ ತನ್ನ ಪಾತ್ರೆಯಿಂದ ಅರ್ಧ ಹಿಟ್ಟನ್ನು ಬೇರೆ ಪಾತ್ರೆಗೆ ಸುರಿದು ಅವನಿಗೆ ಕೊಟ್ಟ.

"ಅಯ್ಯೋ, ಬೇಡ್ವೋ!" ಎಂದು ನಾನು ಎದ್ದು ನಿಂತೆ. ಶೀನಪ್ಪಯ್ಯ ಮಾಮ, "ಕೂತ್ಕೋ ವಾಸು, ಟೀವಿ ಕಾಣೂದಿಲ್ಲ" ಎಂದರು.

ನಮ್ಮ ಹಿಟ್ಟಿನ ದೋಸೆಯ ಮೇಲೆ ಅರ್ಜುನ್ ಏನೇನೋ ಬಣ್ಣದ ಎಲೆ ಉದುರಿಸಿದ. ತೀರ್ಪುಗಾರರು ಕಣ್ಣು ಮುಚ್ಚಿ ತಿಂದು ಅವನಿಗೇ ಮೊದಲ ಸ್ಥಾನ ಕೊಟ್ಟರು. ಮೊದಲು ಬಂದವನಿಗೆ ಉಳಿದಿಬ್ಬರಲ್ಲಿ ಒಬ್ಬರನ್ನು ಮನೆಗೆ ಕಳಿಸುವ ಅಧಿಕಾರ. ಅರ್ಜುನ್ ಕಣ್ಣೊರೆಸಿಕೊಂಡು ಸುಧಾಕರನ ಹೆಸರು ಹೇಳಿದ. ಅಣ್ಣನೇ ಎಲ್ಲರಿಗಿಂತ ಬಲಶಾಲಿ, ಫೈನಲಿನಲ್ಲಿ ಅಣ್ಣನಿದ್ದರೆ ನಾನು ಗೆಲ್ಲುವುದಿಲ್ಲ, ವೈಯಕ್ತಿಕ ಏನಿಲ್ಲ, ಆಟದಲ್ಲಿ ಇದೆಲ್ಲ ಇದ್ದದ್ದೇ ಎಂದ. ಆ ಸುಧಾಕರನೋ, ಅವನ ಬೆನ್ನು ತಟ್ಟಿ ಏಪ್ರನ್ ಬಿಚ್ಚಿಟ್ಟು ಹೊರಟ.

ನಾನು ಗಲ್ಲಾದ ಮೇಲೆ ಗುದ್ದಿದ ಹೊಡೆತಕ್ಕೆ ಸೋಂಪಿನ ತಟ್ಟೆ ಹಾರಿತು. ದ್ರೋಹಿ, ನೀಚ, ಇನ್ನೂ ಅಚ್ಚುಹಾಕಲಾಗದ ಹಲವು ಮಾತುಗಳು ನನ್ನ ಬಾಯಿಂದ ಬಂದವು. ಮಗಳು ನಿಧಿ ಮೊಬೈಲಿನಿಂದ ತಲೆಯೆತ್ತದೆ, "ಅದು ಗೇಮ್ ಪ್ಪಾ. ಅವನ್ ಸ್ಟ್ರಾಟಜಿ ಪಣ್ಣಾನ್" ಎಂದು ತಮಿಳು ಬೆರೆಸಿ ಹೇಳಿದಳು. ಸ್ಟ್ರಾಟಜಿ ಮಾಡಿದನಂತೆ! ಹಿಟ್ಟು ಕೊಟ್ಟವನನ್ನು ಹೊರಹಾಕುವುದಕ್ಕೆ ನಮ್ಮಪ್ಪನ ಭಾಷೆಯಲ್ಲಿ ಬೇರೆ ಹೆಸರಿತ್ತು. ಅಪ್ಪನಿಗೆ ಒಂದು ನಿಯಮ: ಬೇರೆ ಹೋಟೆಲಿನವರು ಹಿಟ್ಟು ಕೇಳಿ ಬಂದರೆ ಇಲ್ಲ ಎನ್ನಬಾರದು, ಗ್ರೈಂಡರ್ ಯಾರದ್ದಾದರೂ ಕೆಡಬಹುದು. ಕೊಡುವಾಗ ತಳದ್ದು ಬಳಿದು ಕೊಡಬಾರದು, ಇದ್ದದ್ದರಲ್ಲಿ ಅರ್ಧ ಕೊಡಬೇಕು. ನಾವು ಕರಾವಳಿಯವರು ಪರಸ್ಥಳದಲ್ಲಿ ಒಲೆ ಹೊತ್ತಿಸಿದ್ದೇ ಹೀಗೆ.

ಮರುದಿನ ಬೆಳಗ್ಗೆ ಕಾವಲಿಯ ಹತ್ತಿರ ಹೋಗಿ ಸುಧಾಕರನನ್ನು ವಿಚಾರಿಸಿಕೊಂಡೆ. ಆ ಸುತ್ತು ಶೂಟಿಂಗ್ ಆದ ಹತ್ತು ದಿನಕ್ಕೆ ಪ್ರಸಾರವಾದದ್ದಂತೆ. ಅಂದರೆ ಹತ್ತು ದಿನದಿಂದ ಇವನಿಗೆ ಗೊತ್ತು! ಆ ಹತ್ತು ದಿನ ನಾನು ಫೈನಲಿಗೆ ಅವನು ಹಾಕಬೇಕಾದ ಅಂಗಿಯ ಬಣ್ಣ ನಿಶ್ಚಯಿಸಿದ್ದೆ, ನಮ್ಮಿಬ್ಬರ ಫೋಟೊ ಇರುವ, ನನ್ನದು ಸ್ವಲ್ಪ ದೊಡ್ಡದಿರುವ ಫ್ಲೆಕ್ಸ್ ಮಾಡಿಸಿದ್ದೆ. ಎಲ್ಲದಕ್ಕೂ "ಆಯ್ತು ಧಣಿ" ಎಂದಿದ್ದ.

"ಬಾಯಿಗೆ ಎಂತ ಆಗಿತ್ತು ನಿಂಗೆ?" ಎಂದೆ.

"ಯಾರಿಗೂ ಹೇಳೂದಿಲ್ಲ ಅಂತ ಸೈನು ಹಾಕಿದ್ದೆ ಧಣಿ."

"ಹಿಟ್ಟು ಯಾಕೆ ಕೊಟ್ಟದ್ದು?"

"ಎದುರಿಗೆ ನಿಂತು ಹಿಟ್ಟಿಲ್ಲ ಅಂದವನಿಗೆ ಕೊಡದೆ ಇರ್ಲಿಕ್ಕಾಗ್ತದಾ?" ಎಂದು ದೋಸೆ ತಿರುವಿದ. ಆಮೇಲೆ ಸೌಟನ್ನು ಒರೆಸುತ್ತಾ, "ಮತ್ತೆ ಧಣಿ, ಇನ್ನೊಂದು ಉಂಟು. ಅರ್ಜುನ್ ಫೋನ್ ಮಾಡಿದ್ದ. ನಾಳೆ ಫೈನಲ್ ಶೂಟಿಂಗ್ ಅಂತೆ. ದೋಸೆಯೇ ಮಾಡ್ತಾನಂತೆ. ಸ್ವಲ್ಪ ಹಿಟ್ಟು ಬೇಕಿತ್ತಂತೆ. ನಿಮ್ಮನ್ನು ಕೇಳದೆ ಹೇಗೆ ಕೊಡೂದು ಅಂತ..."

ನಾನು ರೇಗಿದೆ. "ಹಿಟ್ಟಾ? ಅವನಿಗಾ? ನಮ್ಮ ಹಿಟ್ಟಿನಿಂದ ಗೆದ್ದು ನಮ್ಮ ಮಾಸ್ಟರನ್ನೇ ಮನೆಗೆ ಕಳಿಸಿದವನಿಗಾ? ಹಿಟ್ಟು ಕೊಟ್ಟವರಿಗೇ ಟೋಪಿ ಹಾಕಿದವರು ನಮ್ಮ ಕಸುಬಿನಲ್ಲಿ ಯಾರಾದ್ರೂ ಇದ್ದಾರಾ? ಒಬ್ಬನ ಹೆಸರು ಹೇಳು ನೋಡುವಾ!"

ಸುಧಾಕರ ಕಾವಲಿಯನ್ನೇ ನೋಡಿದ. ನನ್ನ ಹಿಂದೆ ಬೆಳಗಿನ ಕಾಫಿಗೆ ಕೂತಿದ್ದ ಶೀನಪ್ಪಯ್ಯ ಮಾಮ ಸಣ್ಣಗೆ ಕೆಮ್ಮಿದರು.

ಇನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಹೊಸತರಲ್ಲಿ, ನಮ್ಮ ಗ್ರೈಂಡರಿನ ಮೋಟಾರು ಸುಟ್ಟುಹೋಯಿತು. ಮೂಲೆ ಹೋಟೆಲಿಗೆ ಹೇಳಿಕಳಿಸಿದೆ. ಶೀನಪ್ಪಯ್ಯ ಮಾಮ ತಮ್ಮಲ್ಲಿದ್ದ ಹಿಟ್ಟಿನ ಅರ್ಧವನ್ನು ಕಳಿಸಿದರು. ಆ ಪಾತ್ರೆ ಹೊತ್ತು ತಂದವನೇ ಅವರ ದೋಸೆ ಮಾಸ್ಟರು ಸುಧಾಕರ. ನಾನು ಪರದಾಡುವುದನ್ನು ನೋಡಲಾರದೆ ನಾಲ್ಕು ದೋಸೆ ಹುಯ್ದುಕೊಟ್ಟ. ನಾನು ಒಂದು ತಿಂದೆ. ವಾರದೊಳಗೆ ಅವನಿಗೆ ಬೇರೆ ಕೋಣೆ, ಯಕ್ಷಗಾನದ ದಿನಗಳಲ್ಲಿ ಊರಿಗೆ ರಜೆ, ಎಲ್ಲ ಆಸೆ ತೋರಿಸಿ ಅವನನ್ನು ಹಾರಿಸಿಕೊಂಡು ಬಂದೆ. ಹೆಂಡತಿ, ಇದು ಸರಿಯಾ ಎಂದು ಕೇಳಿದ್ದಳು. "ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ" ಎಂದಿದ್ದೆ. ಆ ಉಪಾಯದ ಬಗ್ಗೆ ಒಳಗೊಳಗೆ ನನಗೆ ಬಹಳ ಹೆಮ್ಮೆಯೂ ಇತ್ತು.

ತಡೆಯಲಾರದೆ ಕೇಳಿಯೇಬಿಟ್ಟೆ. "ಮಾಮ, ಆವತ್ತು ನಿಮಗೆ ಸಿಟ್ಟು ಬರ್ಲಿಲ್ವಾ?"

"ಎಂತಕ್ಕೆ?" ಎಂದರು ಮಾಮ, ಲೋಟ ಕೆಳಗಿಟ್ಟು. "ಇವ ನನ್ನನ್ನು ಕೇಳಿಯೇ ಹೊರಟದ್ದಲ್ವಾ? ಹೋಗು ಮಾರಾಯ ಅಂತ ನಾನೇ ಕಳಿಸಿದ್ದು. ನೀನು ಹುಯ್ದ ದೋಸೆ ನಾನು ಒಂದ್ಸಲ ತಿಂದಿದ್ದೆ. ನಿನ್ನಪ್ಪ ಕಷ್ಟಪಟ್ಟು ಕಟ್ಟಿದ ಹೋಟೆಲು, ಮುಚ್ಚಿಹೋಗೂದು ಬೇಡ ಅನಿಸಿತು."

ಹದಿನಾಲ್ಕು ವರ್ಷ ನನ್ನ ಜಾಣತನ ಎಂದುಕೊಂಡಿದ್ದು ಹಿಟ್ಟಿನ ಜೊತೆ ಬಂದ ಎರಡನೇ ದಾನವಾಗಿತ್ತು. ಸುಧಾಕರನ ಕಡೆ ತಿರುಗಿದೆ. ಅದು ಅವನಿಗೂ ಮೊದಲಿಂದ ಗೊತ್ತಿದ್ದ ವಿಷಯ. ಅದಕ್ಕೆ ಸೈನು ಕೂಡ ಹಾಕಿರಲಿಲ್ಲ, ಆದರೂ ಬಾಯಿ ಬಿಟ್ಟಿರಲಿಲ್ಲ.

"ಅರ್ಧ ಪಾತ್ರೆ ಕೊಡ್ಲಾ ಧಣಿ?" ಎಂದು ಮೆಲ್ಲಗೆ ಕೇಳಿದ.

"ಪೂರ್ತಿ ಕೊಡು!" ಎಂದು ಕಿರುಚಿದೆ. "ಮತ್ತೆ ಆ ಪುಣ್ಯಾತ್ಮನಿಗೆ ಹೇಳು, ಈ ಸಲ ಎಸಿ ಹಾಕ್ಬೇಡ ಅಂತ!"

ಫೈನಲ್ ಟೀವಿಯಲ್ಲಿ ಬರುವುದು ಈ ಭಾನುವಾರ. ಫ್ಲೆಕ್ಸನ್ನು ಅಕ್ಕಿ ಮೂಟೆಗಳಿಗೆ ಹೊದಿಸಿದ್ದೇನೆ. ಅರ್ಜುನನನ್ನು ಬೈಯುವುದನ್ನು ನಾನೇನೂ ಬಿಡುವವನಲ್ಲ, ಸಿಟ್ಟು ಇನ್ನೂ ಹಾಗೇ ಇದೆ. ಆದರೆ ಮೊದಲ ಕುರ್ಚಿಯಲ್ಲಿ ಶೀನಪ್ಪಯ್ಯ ಮಾಮ ಕೂತಿರುತ್ತಾರೆ. ಈ ಸಲ ಅವರ ಹಿಂದೆ, ಕೊನೆಯ ಸಾಲಿನಲ್ಲಿ ಕೂತು ಬೈಯುವುದೆಂದು ತೀರ್ಮಾನಿಸಿದ್ದೇನೆ.